ವೆಸ್ಟರ್ನ್ ಸವಾರಿಯಿಂದ ಇಂಗ್ಲಿಷ್ ಸವಾರಿಗೆ: ಹೊಸಬರಿಗೆ ಅಧ್ಯಯನ ಟಿಪ್ಪಣಿ

ವೆಸ್ಟರ್ನ್ ಜೀನಿನ ಮೇಲೆ ನಡಿಗೆ, ಜಾಗ್ (ನಿಧಾನ ಟ್ರಾಟ್), ಲೋಪ್ (ನಿಧಾನ ಕ್ಯಾಂಟರ್) ಒಂದಿಷ್ಟು ಕಲಿತು ಈಗ ಇಂಗ್ಲಿಷ್ ಶೈಲಿಗೆ ಬರುತ್ತಿರುವವರಿಗೆ ಈ ಟಿಪ್ಪಣಿ. ಕುದುರೆಯ ಕಾಲಿನ ತಾಳ ಎರಡು ಕಡೆಯೂ ಒಂದೇ: ನಡಿಗೆಗೆ ನಾಲ್ಕು, ಟ್ರಾಟ್‌ಗೆ ಎರಡು, ಕ್ಯಾಂಟರ್‌ಗೆ ಮೂರು. ನಿಜವಾಗಿ ಬದಲಾಗುವುದು ಎರಡು ಸಂಗತಿ. ಜೀನಿನ ಮುಂದಿದ್ದ ಹಾರ್ನ್ (ಕೈಯಲ್ಲಿ ಹಿಡಿಯಬಹುದಾದ ಗೂಟ) ಮತ್ತು ಹಿಂದಿದ್ದ ಎತ್ತರದ ಆಸರೆ ಇರುವುದಿಲ್ಲ. ಸಡಿಲವಾಗಿ ತೂಗುತ್ತಿದ್ದ ಲಗಾಮು ಈಗ ಸದಾ ಕುದುರೆಯ ಬಾಯಿಯನ್ನು ಮುಟ್ಟಿಕೊಂಡೇ ಇರುತ್ತದೆ.

ಇವೆರಡೂ ಒಟ್ಟಿಗೆ ಬರುವುದೇ ಕಷ್ಟದ ಮೂಲ. ಸಮತೋಲ ತಪ್ಪಿದಾಗ ಕೈ ಏನನ್ನಾದರೂ ಹಿಡಿಯಲು ಹುಡುಕುತ್ತದೆ, ಸಿಗುವುದು ಲಗಾಮು, ಪೆಟ್ಟು ಬೀಳುವುದು ಕುದುರೆಯ ಬಾಯಿಗೆ. ಆದ್ದರಿಂದ ಕಲಿಯುವ ಕ್ರಮ ಮುಖ್ಯ: ಮೊದಲು ಕೂರುವ ಭಂಗಿ, ಆಮೇಲೆ ರೈಸಿಂಗ್ ಟ್ರಾಟ್ (ತಾಳಕ್ಕೆ ತಕ್ಕಂತೆ ಎದ್ದು ಕೂರುವ ಟ್ರಾಟ್), ಕೊನೆಗೆ ಲಗಾಮಿನ ಸಂಪರ್ಕ. ಎಷ್ಟೋ ಕಡೆ ಮೊದಲ ದಿನವೇ ಎರಡೂ ಕೈಗೆ ಬಿಗಿ ಲಗಾಮು ಕೊಟ್ಟುಬಿಡುತ್ತಾರೆ. ಅದು ತಲೆಕೆಳಗಾದ ಕ್ರಮ.

ಜೀನು, ಗರ್ತ್, ಸ್ಟಿರಪ್

ವೆಸ್ಟರ್ನ್ ಜೀನು ಸಾಮಾನ್ಯವಾಗಿ 12ರಿಂದ 18 ಕಿಲೋ ತೂಗಿದರೆ ಇಂಗ್ಲಿಷ್ ಜೀನು 5ರಿಂದ 8 ಕಿಲೋ. ಎತ್ತಿಹಾಕುವುದು ಸುಲಭ, ಸರಿಯಾಗಿ ಕೂರಿಸುವುದು ಅಷ್ಟು ಸುಲಭವಲ್ಲ. ಮೊದಲು ಹೆಗಲಿನ ಉಬ್ಬಿನ ಮೇಲೆ ತುಸು ಮುಂದಕ್ಕೇ ಇಟ್ಟು, ಕೂದಲಿನ ದಿಕ್ಕಿನಲ್ಲೇ ಹಿಂದಕ್ಕೆ ಸರಿಸಿ, ತಾನಾಗಿ ನಿಲ್ಲುವ ಜಾಗದಲ್ಲಿ ಬಿಡಿ. ಭುಜದ ಮೂಳೆ ಹಿಂದೆ ಮುಂದೆ ಆಡಲು ಜಾಗ ಉಳಿದಿರಬೇಕು. ಜೀನು ಮುಂದಾದರೆ ಕುದುರೆಯ ಹೆಜ್ಜೆ ಚಿಕ್ಕದಾಗುತ್ತದೆ.

ಗರ್ತ್ ಎಂದರೆ ಜೀನನ್ನು ಕುದುರೆಯ ಹೊಟ್ಟೆಗೆ ಬಿಗಿಯುವ ಪಟ್ಟಿ. ಅದರ ಬಕಲ್‌ಗಳು ಜೀನಿನ ಪಕ್ಕದ ಫ್ಲ್ಯಾಪ್‌ನ ಅಡಿಯಲ್ಲಿ, ಎರಡೂ ಬದಿಯಲ್ಲಿ ಇರುತ್ತವೆ. ಮೂರು ಸಲ ಬಿಗಿಯುವುದು ರೂಢಿ: ಜೀನು ಹಾಕಿದಾಗ, ನಾಲ್ಕು ಹೆಜ್ಜೆ ನಡೆಸಿದ ಮೇಲೆ, ಹತ್ತಿ ಐದು ನಿಮಿಷ ಕಳೆದ ಮೇಲೆ. ಮೊದಲ ಸಲ ಹಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಂಡಿರುತ್ತವೆ. ಅಲ್ಲಿಗೇ ಬಿಟ್ಟು ನೆಲದಿಂದ ಹತ್ತಿದರೆ ಜೀನು ನಿಮ್ಮ ಸಮೇತ ಪಕ್ಕಕ್ಕೆ ತಿರುಗುತ್ತದೆ. ಹಿಡಿದುಕೊಳ್ಳಲು ಹಾರ್ನ್ ಇಲ್ಲ, ಆದ್ದರಿಂದ ಹತ್ತುವ ಕಟ್ಟೆಯನ್ನು ಬಳಸಿ. ಜೀನಿಗೂ ಕುದುರೆಯ ಬೆನ್ನಿಗೂ ಅದೇ ಒಳ್ಳೆಯದು.

ಸ್ಟಿರಪ್ (ಪಾದ ಇಡುವ ರಿಕಾಪು) ಪಟ್ಟಿ ಸಿಕ್ಕಿಸುವ ಲೋಹದ ಬಾರ್‌ನ ತುದಿಯಲ್ಲಿ ಚಿಕ್ಕ ಕೊಕ್ಕೆ ಇದ್ದರೆ ಸವಾರಿ ವೇಳೆ ಅದು ಚಪ್ಪಟೆಯಾಗಿ ತೆರೆದೇ ಇರಲಿ. ಬಿದ್ದಾಗ ಕಾಲು ಸಿಕ್ಕಿಕೊಂಡರೆ ಪಟ್ಟಿ ಕಳಚಿ ಬರಬೇಕು. ಇಳಿದ ಕೂಡಲೇ ಸ್ಟಿರಪ್‌ಗಳನ್ನು ಪಟ್ಟಿಯ ಮೇಲೆ ಎಳೆದು ಸಿಕ್ಕಿಸಿಡಿ. ವೆಸ್ಟರ್ನ್ ಜೀನಿನಲ್ಲಿ ಈ ಅಭ್ಯಾಸವಿಲ್ಲದ ಕಾರಣ ಎಲ್ಲರೂ ಮರೆಯುತ್ತಾರೆ.

ಅಳತೆ ಹೀಗೆ: ನೆಲದ ಮೇಲೆ ನಿಂತು ಬೆರಳ ತುದಿಯನ್ನು ಆ ಬಾರ್‌ಗೆ ತಾಗಿಸಿ, ಪಟ್ಟಿಯನ್ನು ತೋಳಿನುದ್ದಕ್ಕೂ ಎಳೆದರೆ ಸ್ಟಿರಪ್ ಕಂಕುಳಿಗೆ ಬರಬೇಕು. ಇದು ಅಂದಾಜು ಮಾತ್ರ. ಹತ್ತಿದ ಮೇಲೆ ಕಾಲು ಇಳಿಬಿಟ್ಟಾಗ ಸ್ಟಿರಪ್‌ನ ತಳ ಕಣಕಾಲಿನ ಮೂಳೆಯ ಮಟ್ಟಕ್ಕೆ ಬಂದರೆ ಸಾಮಾನ್ಯ ಸವಾರಿಗೆ ಸರಿ. ವೆಸ್ಟರ್ನ್ ಅಭ್ಯಾಸ ಇರುವವರಿಗೆ ಇದು ತೀರಾ ಗಿಡ್ಡ ಎನಿಸಿ ಒಂದೆರಡು ತೂತು ಇಳಿಸುವ ಆಸೆ ಬರುತ್ತದೆ. ಇಳಿಸಬೇಡಿ. ಪಟ್ಟಿ ಉದ್ದವಾದರೆ ಟ್ರಾಟ್‌ನಲ್ಲಿ ಕಾಲ್ಬೆರಳ ತುದಿಯಿಂದ ಸ್ಟಿರಪ್ ಹುಡುಕುತ್ತಾ ಕೂರಬೇಕಾಗುತ್ತದೆ. ಪಾದದ ಅಗಲವಾದ ಮುಂಭಾಗ ಸ್ಟಿರಪ್ ಮೇಲಿರಲಿ. ಪಟ್ಟಿಯ ಮುಂದಿನ ಅಂಚನ್ನು ಹೊರಕ್ಕೆ ತಿರುಗಿಸಿ ಕಾಲು ತೂರಿಸಿದರೆ ಅದು ಮೀನಖಂಡಕ್ಕೆ ಒತ್ತದೆ ಚಪ್ಪಟೆಯಾಗಿ ಕೂರುತ್ತದೆ.

ಸುಮಾರು ಎರಡೂವರೆ ಸೆಂಟಿಮೀಟರ್ ಹಿಮ್ಮಡಿ ಇರುವ, ತಳ ನುಣುಪಾದ ಬೂಟು ಬೇಕು. ಸ್ಟಿರಪ್‌ನೊಳಗೆ ಬೂಟಿನ ಎರಡೂ ಬದಿಗೆ ತಲಾ ಒಂದು ಸೆಂಟಿಮೀಟರ್‌ನಷ್ಟು ಜಾಗ ಉಳಿಯಬೇಕು. ಜೀನ್ಸ್ ಪ್ಯಾಂಟಿನ ಒಳಹೊಲಿಗೆ ತೊಡೆಯನ್ನು ಕೆರೆಯುತ್ತದೆ, ಬ್ರೀಚಸ್ (ಸವಾರಿಯ ಬಿಗಿ ಪ್ಯಾಂಟು) ಹಾಕಿ. ಎಎಸ್‌ಟಿಎಂ ಎಫ್1163 (ಸವಾರಿ ಹೆಲ್ಮೆಟ್‌ಗಳ ಸುರಕ್ಷತಾ ಮಾನದಂಡ) ಗುರುತಿರುವ ಹೆಲ್ಮೆಟ್ ಬಗ್ಗೆ ಚರ್ಚೆಯೇ ಇಲ್ಲ.

ಕೂರುವ ಭಂಗಿ

ಪಕ್ಕದಿಂದ ನೋಡಿದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಬೇಕು. ಹಿಂದಿನ ಆಸರೆಗೆ ಒರಗಿ, ಕಾಲನ್ನು ಮುಂದಕ್ಕೆ ಚಾಚಿ ಕೂತು ರೂಢಿಯಾದವರು ಇಲ್ಲಿಯೂ ಕುರ್ಚಿಯ ಭಂಗಿಯಲ್ಲೇ ಕೂರುತ್ತಾರೆ. ಪರೀಕ್ಷಿಸುವುದು ಸುಲಭ. ಕುದುರೆ ನಡೆಯುತ್ತಿರುವಾಗ ಕುತ್ತಿಗೆಯ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಸ್ಟಿರಪ್ ಮೇಲೆ ಎದ್ದು ನಿಲ್ಲಿ. ಹಿಂದಕ್ಕೆ ಧೊಪ್ಪನೆ ಬಿದ್ದರೆ ಪಾದ ಮುಂದಿದೆ, ಕುತ್ತಿಗೆಯ ಮೇಲೆ ಮುಗ್ಗರಿಸಿದರೆ ಪಾದ ಹಿಂದಿದೆ. ಹತ್ತು ಹೆಜ್ಜೆ ನಿಲ್ಲಲು ಬಂದರೆ ಕಾಲು ಸರಿಯಾದ ಜಾಗದಲ್ಲಿದೆ.

ಎರಡನೇ ದೋಷ ಮಂಡಿಯಿಂದ ಅವುಚಿ ಹಿಡಿಯುವುದು. ಹೆದರಿಕೆಯಾದಾಗ ಎಲ್ಲರೂ ಮಾಡುವುದು ಇದನ್ನೇ. ಮಂಡಿ ಕಚ್ಚಿಕೊಂಡ ಕೂಡಲೇ ಅದೇ ತಿರುಗಣೆಯಾಗಿ ಕೆಳಗಾಲು ಹಿಂದಕ್ಕೆ, ಮೈಯ ಮೇಲ್ಭಾಗ ಮುಂದಕ್ಕೆ ವಾಲುತ್ತದೆ. ಹಿಮ್ಮಡಿಯನ್ನು ಬಲವಂತವಾಗಿ ಕೆಳಕ್ಕೆ ಒತ್ತುವುದೂ ತಪ್ಪು, ಕಣಕಾಲು ಸೆಟೆದು ಏಟು ತಡೆಯುವ ಗುಣ ಕಳೆದುಕೊಳ್ಳುತ್ತದೆ. ತೊಡೆ ಸಡಿಲಬಿಟ್ಟು ಭಾರವನ್ನು ಹಿಮ್ಮಡಿಗೆ ಇಳಿಯಗೊಡಿ.

ಇದಕ್ಕೆ ಒಳ್ಳೆಯ ಔಷಧ ಲಂಜ್ ಪಾಠ: ತರಬೇತುದಾರರು ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುತ್ತಾರೆ, ನಿಮ್ಮ ಕೈಯಲ್ಲಿ ಲಗಾಮೇ ಇರುವುದಿಲ್ಲ. ಕೈ ಸೊಂಟದ ಮೇಲೆ, ಆಮೇಲೆ ಸ್ಟಿರಪ್ ಇಲ್ಲದೆ ನಡಿಗೆ, ಆಮೇಲೆ ಸ್ವಲ್ಪ ಟ್ರಾಟ್. ಕುದುರೆಗೂ ಸವಾರರಿಗೂ ಬೇಗ ಆಯಾಸವಾಗುತ್ತದೆ, ಆದ್ದರಿಂದ 15–20 ನಿಮಿಷ ಸಾಕು, ನಡುವೆ ದಿಕ್ಕು ಬದಲಿಸಬೇಕು.

ರೈಸಿಂಗ್ ಟ್ರಾಟ್

ವೆಸ್ಟರ್ನ್ ಜಾಗ್ ನಿಧಾನ, ಕೂತೇ ಸಾಗುತ್ತದೆ. ಇಂಗ್ಲಿಷ್ ಟ್ರಾಟ್‌ನ ಹೆಜ್ಜೆ ದೊಡ್ಡದು, ಎಸೆತ ಹೆಚ್ಚು. ಅದಕ್ಕೇ ಒಂದು ತಾಳಕ್ಕೆ ಏಳುವುದು, ಮುಂದಿನ ತಾಳಕ್ಕೆ ಕೂರುವುದು. ಇಲ್ಲಿ ತಿಳಿಯಬೇಕಾದ ಗುಟ್ಟು: ನೀವು ಏಳುವುದಲ್ಲ, ಕುದುರೆ ಎತ್ತುತ್ತದೆ. ಆ ಎಸೆತಕ್ಕೆ ಸೊಂಟವನ್ನು ಮುಂದಕ್ಕೆ, ಜೀನಿನ ಮುಂಭಾಗದತ್ತ ಬಿಟ್ಟುಕೊಟ್ಟರೆ ಸಾಕು. ಜೀನಿನಿಂದ ಒಂದೆರಡು ಇಂಚು ಮೇಲೆದ್ದರೆ ಬೇಕಾದಷ್ಟಾಯಿತು. ಸ್ಟಿರಪ್ ಮೆಟ್ಟಿ ನೆಟ್ಟಗೆ ನಿಂತರೆ ತಾಳಕ್ಕಿಂತ ತಡವಾಗಿ ಕೆಳಗಿಳಿಯುತ್ತೀರಿ, ಅಷ್ಟರಲ್ಲಿ ಕುದುರೆಯ ಬೆನ್ನು ಮತ್ತೆ ಮೇಲೆ ಬಂದು ಡಿಕ್ಕಿಯಾಗುತ್ತದೆ.

ಅಭ್ಯಾಸ ಮೊದಲು ನಿಂತ ಕುದುರೆಯ ಮೇಲೆ, ಆಮೇಲೆ ನಡಿಗೆಯಲ್ಲಿ, ಬಾಯಲ್ಲಿ "ಏಳು, ಕೂರು" ಎಂದು ಜೋರಾಗಿ ಹೇಳಿಕೊಂಡು. ಟ್ರಾಟ್‌ಗೆ ಹೋದಾಗ ತಾಳ ತಪ್ಪಿದರೆ ಎಳೆದಾಡದೆ ಕೂತುಬಿಡಿ, ಎರಡು ಮೂರು ಹೆಜ್ಜೆ ಎಣಿಸಿ ಮತ್ತೆ ಶುರು ಮಾಡಿ. ಕೈ ದೇಹದ ಜೊತೆ ಮೇಲೆ ಕೆಳಗೆ ಹಾರುತ್ತಿದ್ದರೆ ಎರಡೂ ಕಿರುಬೆರಳನ್ನು ಕುತ್ತಿಗೆಯ ಪಟ್ಟಿಗೆ ಸಿಕ್ಕಿಸಿಕೊಳ್ಳಿ. ದೇಹ ಏಳುವಾಗ ಮೊಣಕೈ ಬಿಚ್ಚಿಕೊಳ್ಳಬೇಕು, ಕೂರುವಾಗ ಮಡಚಬೇಕು, ಮುಷ್ಟಿ ಮಾತ್ರ ಇದ್ದಲ್ಲೇ ಇರಬೇಕು.

ಇನ್ನು ಡಯಾಗನಲ್. ಟ್ರಾಟ್‌ನಲ್ಲಿ ಮೂಲೆಗೆ ಮೂಲೆಯ ಎರಡು ಕಾಲು ಒಟ್ಟಿಗೆ ಚಲಿಸುತ್ತವೆ. ಅಂಗಣದಲ್ಲಿ ಸುತ್ತುವಾಗ ಹೊರಬದಿಯ ಮುಂಗಾಲು ಮುಂದೆ ಹೋಗುವಾಗ ಏಳಬೇಕು, ಹಿಂದೆ ಬರುವಾಗ ಕೂರಬೇಕು. ಆ ಮುಂಗಾಲಿನ ಜೊತೆಗಾರ ಒಳಬದಿಯ ಹಿಂಗಾಲು. ನೀವು ಎದ್ದಿದ್ದರೆ ಅದು ಭಾರವಿಲ್ಲದೆ ಹೊಟ್ಟೆಯಡಿಗೆ ಚೆನ್ನಾಗಿ ಚಾಚಿಕೊಳ್ಳುತ್ತದೆ, ತಿರುವಿನಲ್ಲಿ ಕುದುರೆಗೆ ಅದೇ ಬೇಕು. ನೋಡಲು ತಲೆ ಬಗ್ಗಿಸಬೇಡಿ, ಕಣ್ಣು ಮಾತ್ರ ಹೊರಭುಜದ ಕಡೆ ಇಳಿಯಲಿ. ತಪ್ಪಿದ್ದರೆ ಒಂದು ತಾಳ ಹೆಚ್ಚು ಕೂತು ಏಳಿ: ಏಳು, ಕೂರು, ಕೂರು, ಏಳು. ದಿಕ್ಕು ಬದಲಿಸಿದಾಗಲೆಲ್ಲ ಡಯಾಗನಲ್ ಬದಲಿಸಬೇಕು. ಹೊರಗಡೆ ನೇರ ದಾರಿಯಲ್ಲಿ ದೂರ ಹೋಗುವಾಗಲೂ ಆಗಾಗ ಬದಲಿಸಿ, ಇಲ್ಲದಿದ್ದರೆ ಕುದುರೆಯ ಒಂದೇ ಜೋಡಿ ಕಾಲಿಗೆ ಭಾರ ಬೀಳುತ್ತದೆ.

ಲಗಾಮು

ಪ್ರತಿ ಕೈಯಲ್ಲೂ ಒಂದು ಲಗಾಮು, ಉಂಗುರದ ಬೆರಳು ಮತ್ತು ಕಿರುಬೆರಳಿನ ನಡುವೆ ಒಳಬಂದು ಹೆಬ್ಬೆರಳಿನ ಕೆಳಗೆ ಹೊರಹೋಗುತ್ತದೆ. ಹೆಬ್ಬೆರಳು ಮೇಲೆ, ಮುಷ್ಟಿಗಳು ಹೆಗಲುಬ್ಬಿನ ಎರಡು ಕಡೆ, ನಡುವೆ ಹತ್ತು ಹನ್ನೆರಡು ಸೆಂಟಿಮೀಟರ್ ಅಂತರ. ಮೊಣಕೈಯಿಂದ ಕುದುರೆಯ ಬಾಯಲ್ಲಿರುವ ಬಿಟ್‌ವರೆಗೆ ನೇರ ಗೆರೆ. ಚಿಕ್ಕ ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಾಗ ಇರುವಷ್ಟು ಹಿಡಿತ ಸಾಕು. ನಡಿಗೆ ಮತ್ತು ಕ್ಯಾಂಟರ್‌ನಲ್ಲಿ ಕುದುರೆ ತಲೆ ಆಡಿಸುತ್ತದೆ, ಮೊಣಕೈ ಅದನ್ನು ಹಿಂಬಾಲಿಸಬೇಕು. ಟ್ರಾಟ್‌ನಲ್ಲಿ ತಲೆ ಸ್ಥಿರ, ಆದ್ದರಿಂದ ಕೈಯೂ ಸ್ಥಿರ. ಲಗಾಮು ಒಮ್ಮೆ ಜೋತು ಒಮ್ಮೆ ಬಿಗಿಯಾಗುತ್ತಿದ್ದರೆ ಪ್ರತಿ ಸಲ ಬಾಯಿಗೆ ಜಗ್ಗಿದಂತೆ. ಹಗುರವಾದರೂ ಒಂದೇ ಸಮ ಇರುವ ಸಂಪರ್ಕವೇ ಅದಕ್ಕಿಂತ ಮೃದು.

ಒಂದೇ ಕೈಯಲ್ಲಿ ಲಗಾಮನ್ನು ಕುತ್ತಿಗೆಗೆ ತಾಗಿಸಿ ತಿರುಗಿಸುವ ಅಭ್ಯಾಸ ಇಲ್ಲಿ ಬಿಡಬೇಕು. ತಿರುಗುವ ಕಡೆ ನೋಡಿ, ಒಳಲಗಾಮನ್ನು ಹಿಂದಕ್ಕೆ ಎಳೆಯದೆ ಸ್ವಲ್ಪ ಪಕ್ಕಕ್ಕೆ ತೆರೆಯಿರಿ, ಹೊರಲಗಾಮು ಸಂಪರ್ಕ ಬಿಡದೆ ತುಸು ಜಾಗ ಕೊಡಲಿ. ಒಳಗಾಲು ಗರ್ತ್ ಬಳಿ, ಹೊರಗಾಲು ಒಂದು ಕೈಯಗಲ ಹಿಂದೆ. ಕೈಗಳು ಕುತ್ತಿಗೆಯನ್ನು ದಾಟಬಾರದು. ಕ್ಯಾಂಟರ್ ಶುರು ಮಾಡಲೂ ಕಾಲುಗಳ ಇದೇ ಜಾಗ. ಲೋಪ್‌ಗಿಂತ ನೆಗೆತ ದೊಡ್ಡದೆಂದು ಮುಂದಕ್ಕೆ ಬಾಗಿದರೆ ಕುದುರೆ ಇನ್ನೂ ಜೋರಾಗುತ್ತದೆ, ಅಷ್ಟೇ.

ಉದ್ದ ಶ್ಯಾಂಕ್ (ಲಗಾಮು ಕಟ್ಟುವ, ಕೆಳಕ್ಕೆ ಇಳಿದ ಪಕ್ಕದ ಕಡ್ಡಿ) ಇರುವ ಕರ್ಬ್ ಬಿಟ್ ಹಾಕಿ ಈ ಸಂಪರ್ಕ ಅಭ್ಯಾಸ ಮಾಡಲೇಬೇಡಿ. ಅದು ಸನ್ನೆಕೋಲಿನಂತೆ ಕೆಲಸ ಮಾಡುವುದರಿಂದ ಕೈಯ ಚಿಕ್ಕ ಚಲನೆಯೂ ಬಾಯಲ್ಲಿ ಹಲವು ಪಟ್ಟಾಗುತ್ತದೆ. ಸನ್ನೆಕೋಲಿನ ಗುಣವಿಲ್ಲದ ಸ್ನ್ಯಾಫಲ್ ಬಿಟ್ ಬೇಕು. ವೆಸ್ಟರ್ನ್‌ನಲ್ಲೇ ಪಳಗಿದ ಕುದುರೆಯಾದರೆ ಎರಡೂ ಲಗಾಮು ಮುಟ್ಟಿದ ತಕ್ಷಣ ನಿಲ್ಲಬಹುದು, ಗಲ್ಲವನ್ನು ಎದೆಗೆ ಒತ್ತಿಕೊಳ್ಳಬಹುದು, ಹಿಂದಕ್ಕೂ ನಡೆಯಬಹುದು. ಅದು ಮೊಂಡುತನವಲ್ಲ, ಕಲಿಸಿದ್ದನ್ನೇ ಅದು ಮಾಡುತ್ತಿದೆ. ಕುದುರೆಯೂ ಹೊಸದು, ಸವಾರರೂ ಹೊಸಬರು ಎಂದಾದರೆ ಯಾರು ತಪ್ಪಿದರು ಎಂದೇ ಗೊತ್ತಾಗುವುದಿಲ್ಲ. ಹಾಗಾಗಿ ಸಂಪರ್ಕದ ಪಾಠಗಳನ್ನು ಇಂಗ್ಲಿಷ್ ಶೈಲಿಯಲ್ಲಿ ಪಳಗಿದ ಹಳೆಯ ಕುದುರೆಯ ಮೇಲೆ ಕಲಿತು, ಕೈ ಸ್ಥಿರವಾದ ಮೇಲೆ ನಿಮ್ಮ ಕುದುರೆಗೆ ಕಲಿಸಿ.