ಪಾಯಿಂಟಿನ ಹೆಸರಲ್ಲಿ ಬರುವ ಕಳ್ಳರು: ಕ್ರೆಡಿಟ್ ಕಾರ್ಡ್ ರಕ್ಷಣೆ ನಡೆದು ಬಂದ ದಾರಿ

ಚಿಕ್ಕಮಗಳೂರಿನವರು ವಿದೇಶದ ವಿಮಾನ ಹತ್ತಬೇಕಾದರೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ಇಲ್ಲವೇ ಹಾಸನದ ಮೇಲೆ ದೇವನಹಳ್ಳಿ ಸೇರಬೇಕು. ಆದರೂ ಏರ್ ಮೈಲ್ಸ್ (ವಿಮಾನದ ಟಿಕೆಟಿಗೆ ಬಳಸಬಹುದಾದ ಪಾಯಿಂಟು), ಲೌಂಜ್ (ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆ) ಎಂದು ಆಸೆ ತೋರಿಸುವ ಕ್ರೆಡಿಟ್ ಕಾರ್ಡುಗಳು ಇಲ್ಲಿನ ತೋಟದ ಮನೆಗಳನ್ನೂ ತಲುಪಿವೆ. ಮಕ್ಕಳು ದುಬೈನಲ್ಲೋ ಅಮೆರಿಕದಲ್ಲೋ ಇದ್ದರೆ ಅವು ಉಪಯೋಗಕ್ಕೂ ಬರುತ್ತವೆ. ಕಾರ್ಡಿನಲ್ಲಿ ಖರ್ಚು ಮಾಡಿದಷ್ಟಕ್ಕೆ ಬಹುಮಾನವಾಗಿ ಸಿಗುವ ರಿವಾರ್ಡ್ ಪಾಯಿಂಟಿನ ಆಸೆಯನ್ನು ಮೋಸಗಾರರೂ ಬಲ್ಲರು. ‘ನಿಮ್ಮ ರಿವಾರ್ಡ್ ಪಾಯಿಂಟ್ ಇಂದು ರಾತ್ರಿ ರದ್ದಾಗಲಿದೆ’ ಎಂಬ ಮೆಸೇಜು, ಅದರ ಕೆಳಗೊಂದು ಲಿಂಕು: ಇವತ್ತಿನ ಬಹಳಷ್ಟು ವಂಚನೆ ಶುರುವಾಗುವುದೇ ಹೀಗೆ.

ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಕಾರ್ಡು ತಂದಾಗ ಚಿಂತೆ ಬೇರೆಯಿತ್ತು. ಕಾರ್ಡು ಕಳೆದುಹೋದರೆ, ಸಹಿ ನಕಲಾದರೆ ಎಂಬುದಷ್ಟೇ ಭಯ. ಆನ್‌ಲೈನ್ ವ್ಯಾಪಾರ ಬಂದ ಮೇಲೆ ಕಾರ್ಡಿನ ನಂಬರು ಸಿಕ್ಕರೂ ಸಾಕಾಯಿತು. ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಆನ್‌ಲೈನ್ ಪಾವತಿಗೆ ಎರಡನೇ ದೃಢೀಕರಣ ಕಡ್ಡಾಯ ಮಾಡಿತು. ನಾವಿಂದು ಓಟಿಪಿ ಎನ್ನುವುದು ಬೇರೂರಿದ್ದು ಹಾಗೆ. 2018ರ ಕೊನೆಯೊಳಗೆ ಹಳೆಯ ಕಾರ್ಡುಗಳ ಜಾಗಕ್ಕೆ ಚಿಪ್ ಕಾರ್ಡು ಬರಬೇಕೆಂದಿತು. ವಿದೇಶದ ಎಷ್ಟೋ ವೆಬ್‌ಸೈಟುಗಳು ಓಟಿಪಿ ಕೇಳದೆ ಹಣ ಎಳೆಯುತ್ತಿದ್ದವು. 2020ರ ನಿಯಮದಿಂದ ವಿದೇಶಿ ಬಳಕೆಯನ್ನು ನಾವೇ ಆನ್ ಅಥವಾ ಆಫ್ ಮಾಡುವ ಸೌಲಭ್ಯ ಬಂತು. ಪ್ರವಾಸ ಮುಗಿಸಿ ಬಂದವರು ಮೊದಲು ಮಾಡಬೇಕಾದ ಕೆಲಸ ಅದನ್ನು ಆಫ್ ಮಾಡುವುದು.

ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆ, ವಂಚನೆಯಲ್ಲಿ ಗ್ರಾಹಕರ ಹೊಣೆಗೆ ಮಿತಿ ಹಾಕಿದ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಬ್ಯಾಂಕಿನ ತಪ್ಪಿನಿಂದ ಹಣ ಹೋದರೆ ಗ್ರಾಹಕರು ಏನೂ ಕೊಡಬೇಕಿಲ್ಲ. ಇಬ್ಬರದೂ ತಪ್ಪಿಲ್ಲದೆ ಮೂರನೆಯವರಿಂದ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೂ ನಷ್ಟವಿಲ್ಲ. ತಿಳಿಸಲು ನಾಲ್ಕರಿಂದ ಏಳು ಕೆಲಸದ ದಿನವಾದರೆ, ಐದು ಲಕ್ಷದವರೆಗಿನ ಮಿತಿಯ ಕಾರ್ಡಿಗೆ ಗ್ರಾಹಕರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ದೂರು ಕೊಟ್ಟ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ವಾಪಸ್ ಜಮೆ ಮಾಡಬೇಕು. ತಪ್ಪು ಗ್ರಾಹಕರದೆಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನದೇ. ತಿಳಿಸಲು ಇರುವ ಈ ದಿನಗಳ ಲೆಕ್ಕ, ಹಣ ಹೋದ ಬಗ್ಗೆ ಬ್ಯಾಂಕಿನ ಮಾಹಿತಿ ಕೈಸೇರಿದ ದಿನವನ್ನು ಬಿಟ್ಟು ಶುರುವಾಗುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದೆ ದಿನಗಟ್ಟಲೆ ಕಳೆಯುವ ಮೂಡಿಗೆರೆ, ಕೊಪ್ಪದ ಕಡೆಯವರು ಈ ಸಾಲನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಪಾಯಿಂಟಿನ ಮೋಸ ಈ ಬೇಲಿಯ ಆಚೆ ನಿಲ್ಲುತ್ತದೆ. ಲಿಂಕು ಒತ್ತಿ ಓಟಿಪಿ ಕೊಟ್ಟದ್ದು ಗ್ರಾಹಕರೇ, ಹಾಗಾಗಿ ಅದು ಅವರ ನಿರ್ಲಕ್ಷ್ಯ ಎಂದು ಪರಿಗಣಿಸಲಾಗುತ್ತದೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಇದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಎಚ್ಚರಿಕೆಯ ಮೆಸೇಜುಗಳು ಹೆಚ್ಚಾಗಿ ಬರುವುದು ಇಂಗ್ಲಿಷಿನಲ್ಲಿ. ಅದನ್ನು ಓದಲಾಗದೆ ಮೋಸಹೋದವರನ್ನೂ ಅಜಾಗರೂಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ತಿಳಿಸಿದ ಮೇಲಿನ ನಷ್ಟ ಮಾತ್ರ ಬ್ಯಾಂಕಿನದು. ಆದ್ದರಿಂದ ನಾಚಿಕೆಪಟ್ಟು ಮನೆಯವರಿಂದ ಮುಚ್ಚಿಡುತ್ತಾ ಕೂರದೆ, ಆ ಕ್ಷಣವೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕು.

ಇಷ್ಟೆಲ್ಲ ಅಪಾಯ ಹೊತ್ತು ಕೂಡಿಡುವ ಪಾಯಿಂಟಿನ ದುಡ್ಡು ಎಲ್ಲಿಂದ ಬರುತ್ತದೆ? ಮುಳ್ಳಯ್ಯನಗಿರಿ ನೋಡಲು ಬಂದವರು ಹೋಮ್‌ಸ್ಟೇಯಲ್ಲಿ ಕಾರ್ಡು ಉಜ್ಜಿದಾಗ ಬಿಲ್ಲಿನ ಒಂದು ಪಾಲು ಶುಲ್ಕವಾಗಿ ಕಡಿತವಾಗುತ್ತದೆ. ಪ್ರವಾಸಿಯ ಪಾಯಿಂಟಿಗೆ ಹೋಮ್‌ಸ್ಟೇಯವರ ದುಡ್ಡೂ ಸೇರಿರುತ್ತದೆ. ಉಳಿದದ್ದಕ್ಕೆ ಬಡ್ಡಿ ಕಟ್ಟುವವರಿದ್ದಾರೆ. ಕಾಫಿ ಬೆಳೆಗಾರರ ಕೈಗೆ ಹಣ ಬರುವುದು ಕೊಯ್ಲಿನ ನಂತರ, ಕಾರ್ಡಿನ ಬಿಲ್ಲು ಬರುವುದು ಪ್ರತಿ ತಿಂಗಳು. ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೆ ತಿಂಗಳಿಗೆ ಶೇ 3.5ರ ಬಡ್ಡಿಯಲ್ಲಿ ಒಂದು ಲಕ್ಷದ ಬಾಕಿಗೆ 3,500 ರೂಪಾಯಿ. ಅಷ್ಟೇ ಖರ್ಚಿಗೆ ಶೇ 1ರಂತೆ ಸಿಗುವ ಪಾಯಿಂಟಿನ ಬೆಲೆ 1,000 ರೂಪಾಯಿ. ಶೇ 30ಕ್ಕಿಂತ ಹೆಚ್ಚಿನ ವಾರ್ಷಿಕ ಬಡ್ಡಿ ಅನುಚಿತ ಎಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ಬೇಡವೆನಿಸಿದ ಕಾರ್ಡಿನಿಂದ ಬಿಡುಗಡೆ ಮಾತ್ರ ಈಗ ಸುಲಭ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ಬಾಕಿ ಇಲ್ಲದ ಕಾರ್ಡನ್ನು ಬ್ಯಾಂಕು ಕೋರಿಕೆ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕರಿಗೆ ಸೇರುತ್ತದೆ. ದೂರಿಗೆ ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಹೇಗೆ ಕೊಡುವುದೆಂದು ತಿಳಿಯಲು 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.