ಬಿಲ್ ಸರಿ ಇದೆ, ಆದರೂ ಕೈ ಖಾಲಿ

ರಫ್ತು ಲೆಕ್ಕ ನೋಡುವುದು ನನ್ನ ಹೊಟ್ಟೆಪಾಡು. ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಗಳಿಗೆ ಆಗಾಗ ಪಾಠವನ್ನೂ ಮಾಡುತ್ತೇನೆ. ‘ಅಸಮಾನ ವಿನಿಮಯ’ ಅಂತ ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಒಂದು ಕೈ ಎದ್ದಿರುತ್ತದೆ: “ಸರ್, ಹಾಗಾದ್ರೆ ಮೋಸ ಮಾಡಿದ್ದು ಯಾರು?”

ಯಾರೂ ಇಲ್ಲ ಮಾರಾಯ. ತೂಕದಲ್ಲಿ ಮೋಸ, ಸುಳ್ಳು ಬಿಲ್, ಇವೆಲ್ಲ ಇದ್ದೇ ಇವೆ. ಅದು ಬೇರೆ ರೋಗ, ಅದಕ್ಕೆ ಕಾನೂನಿದೆ. ನಾನು ಹೇಳುತ್ತಿರುವುದು ಪ್ರತಿ ಬಿಲ್ಲೂ ಸರಿ ಇದ್ದು, ಎಲ್ಲರೂ ಮಾರುಕಟ್ಟೆ ದರವನ್ನೇ ಕೊಟ್ಟು, ಆದರೂ ಒಂದು ದೇಶದವರು ಹಲವು ಗಂಟೆ ದುಡಿದದ್ದು ಇನ್ನೊಂದು ದೇಶದವರ ಒಂದು ಗಂಟೆ ದುಡಿಮೆಗೆ ಬದಲಾಗಿ ಹೋಗುವ ವ್ಯವಹಾರ.

ಐಫೋನ್ 3ಜಿ ನೋಡಿ. 2009ರ ಲೆಕ್ಕದಂತೆ ಅದನ್ನು ತಯಾರಿಸಲು ಸುಮಾರು 179 ಡಾಲರ್ ಬೀಳುತ್ತಿತ್ತು. ಚೀನಾದಲ್ಲಿ ಜೋಡಿಸಿದ್ದಕ್ಕೆ ಸಿಕ್ಕಿದ್ದು ಆರೂವರೆ ಡಾಲರ್! ಉಳಿದದ್ದು ಹೆಚ್ಚಾಗಿ ಜಪಾನ್, ಜರ್ಮನಿ, ದಕ್ಷಿಣ ಕೊರಿಯಾಗಳಿಂದ ಬಂದ ಬಿಡಿಭಾಗಗಳ ದುಡ್ಡು. ಆದರೆ ಫೋನು ಅಮೆರಿಕಕ್ಕೆ ಹೋದಾಗ ಚೀನಾದ ರಫ್ತು ಅಂತ ಬರೆದುಕೊಂಡಿದ್ದು ಪೂರ್ತಿ 179. ಇದರಲ್ಲಿ ತಪ್ಪು ಬಿಲ್ ಒಂದೂ ಇಲ್ಲ. ಜೋಡಿಸಿ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ವಿನ್ಯಾಸದ ಒಡೆಯ ಒಬ್ಬನೇ, ಅಷ್ಟೇ. ರಫ್ತು ದುಪ್ಪಟ್ಟಾಯಿತು ಅಂತ ಸಿಹಿ ಹಂಚುವವರನ್ನು ಕಂಡಾಗ ನನಗೆ ಈ ಆರೂವರೆ ಡಾಲರೇ ನೆನಪಾಗುತ್ತದೆ.

ಕಚ್ಚಾ ಮಾಲಿನ ವಿಷಯದಲ್ಲಿ ಇದನ್ನು ರೌಲ್ ಪ್ರೆಬಿಶ್, ಹಾನ್ಸ್ ಸಿಂಗರ್ ಎಂಬ ಅರ್ಥಶಾಸ್ತ್ರಜ್ಞರು 1950ರಷ್ಟು ಹಿಂದೆಯೇ ಹೇಳಿದ್ದರು. ಕಾರ್ಖಾನೆಯಲ್ಲಿ ಉತ್ಪಾದನೆ ಸುಧಾರಿಸಿದರೆ ಅಲ್ಲಿನ ಸಂಬಳ, ಲಾಭ ಏರುತ್ತದೆ. ತೋಟದಲ್ಲಿ ಸುಧಾರಿಸಿದರೆ ಬೆಲೆ ಇಳಿಯುತ್ತದೆ, ಲಾಭ ಕೊಳ್ಳುವವನಿಗೆ. ಕಾಫಿಯದ್ದೇ ಕಥೆ ತಗೊಳ್ಳಿ: ಯಾವ ದೇಶ ಎಷ್ಟು ಮಾರಬಹುದು ಅಂತ ಮಿತಿ ಹಾಕಿದ್ದ ರಫ್ತು ಕೋಟಾ ಒಪ್ಪಂದ 1989ರಲ್ಲಿ ಮುರಿದುಬಿತ್ತು, ಬೆಲೆ ಕುಸಿಯಿತು. ಆಮೇಲೆ ವಿಯೆಟ್ನಾಂ ದೊಡ್ಡ ಪ್ರಮಾಣದಲ್ಲಿ ಬೆಳೆಯಲು ಶುರು ಮಾಡಿತು, 2001ರ ಹೊತ್ತಿಗೆ ಎಷ್ಟೋ ಕಡೆ ಬೆಳೆಗಾರನಿಗೆ ಖರ್ಚೂ ಹುಟ್ಟುತ್ತಿರಲಿಲ್ಲ. ಚೆನ್ನಾಗಿ ಬೆಳೆದದ್ದೇ ಮುಳುವಾಯಿತು, ಅಲ್ವಾ?

ಹಾಗಂತ ಕಚ್ಚಾ ಮಾಲು ಬಿಟ್ಟು ಕಾರ್ಖಾನೆ ಕಟ್ಟಿದರೆ ಮುಗಿಯಿತು ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾ ಕಬ್ಬಿಣದ ಅದಿರು ಮಾರಿಯೂ ಶ್ರೀಮಂತ ದೇಶ. ಬಾಂಗ್ಲಾದೇಶದ ರಫ್ತಿನಲ್ಲಿ ಶೇ. 80ಕ್ಕೂ ಜಾಸ್ತಿ ಕಾರ್ಖಾನೆಯಲ್ಲಿ ಹೊಲಿದ ಬಟ್ಟೆಯೇ, ಹೊಲಿಯುವವರ ಕೂಲಿ ಮಾತ್ರ ಕೇಳಬೇಡಿ. ಏನು ಮಾರುತ್ತೀರಿ ಅನ್ನುವುದಕ್ಕಿಂತ, ನಿಮ್ಮನ್ನು ಬಿಟ್ಟರೆ ಕೊಳ್ಳುವವನಿಗೆ ಇನ್ನೆಷ್ಟು ಜನ ಸಿಗುತ್ತಾರೆ ಅನ್ನುವುದೇ ಮುಖ್ಯ. ಇನ್ನೊಂದು ಎಚ್ಚರ: ಕೂಲಿಯ ಅಂತರವನ್ನೆಲ್ಲ ಅಸಮಾನ ವಿನಿಮಯದ ಖಾತೆಗೆ ಹಾಕಲಾಗದು. ಒಳ್ಳೆಯ ಯಂತ್ರ, ಕರೆಂಟು, ಬಂದರು ಇದ್ದ ಕಡೆ ಒಂದು ಗಂಟೆಯಲ್ಲಿ ನಿಜಕ್ಕೂ ಹೆಚ್ಚು ಕೆಲಸ ಆಗುತ್ತದೆ. ಅದನ್ನು ಕಳೆದ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದಕ್ಕೆ ಅರ್ಥಶಾಸ್ತ್ರಜ್ಞರು ಇನ್ನೂ ಜಗಳ ಆಡುತ್ತಿದ್ದಾರೆ, ನಾನೂ ಒಂದು ಅಂಕಿ ಹೇಳಲಾರೆ.

ಹೋದ ಸಲದ ತರಗತಿಯಲ್ಲಿ ಆ ಕೈ ಎತ್ತಿದ ಹುಡುಗ ಕೊನೆವರೆಗೂ ಸುಮ್ನೆ ಕೂತಿದ್ದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು, “ಸರ್, ನಮ್ಮನ್ನು ಬಿಟ್ಟರೆ ಕೊಳ್ಳುವವರಿಗೆ ಇನ್ನೆಷ್ಟು ಜನ ಸಿಗ್ತಾರೆ ಅಂತ ಯಾವ ಕಡತದಲ್ಲಿ ಇರುತ್ತೆ?” ಅಂದ. ಕಡತದಲ್ಲಿ ಇರುವುದಿಲ್ಲ ಕಣಪ್ಪ, ಕೊಳ್ಳುವವನು ಕಳೆದ ವರ್ಷ ಬೇರೆ ಯಾರ ಹತ್ತಿರ ದರ ಕೇಳಿದ್ದ ಅಂತ ಪತ್ತೆ ಮಾಡು, ಅಲ್ಲಿಂದ ಶುರು ಮಾಡೋಣ ಅಂದೆ.