‘ಸರ್ಚ್’ ಎಂಬ ಪದವೂ ಅದರ ಹಿಂದಿನ ‘ಫಾರ್’ ಗೊಂದಲವೂ

ಮೈಸೂರಿನ ಸರಸ್ವತಿಪುರದಲ್ಲಿ ಬಾಡಿಗೆ ಮನೆ ಬೇಕಾದ ವಿದ್ಯಾರ್ಥಿಯೊಬ್ಬ ‘ಮನೆ ಹುಡುಕುತ್ತಿದ್ದೇನೆ’ ಎಂಬುದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ‘ಐ ಆ್ಯಮ್ ಸರ್ಚಿಂಗ್ ಎ ಹೌಸ್’ ಎಂದು ಬರೆದರೆ, ಅವನು ಪೊಲೀಸರಂತೆ ಯಾರದೋ ಮನೆಗೆ ಹೊಕ್ಕು ಬೀರು, ಪೆಟ್ಟಿಗೆ, ಅಟ್ಟಗಳನ್ನೆಲ್ಲ ತಡಕುತ್ತಿದ್ದಾನೆ ಎಂಬ ಅರ್ಥ ಬರುತ್ತದೆ. ಮನೆ ಬೇಕಾಗಿದೆ ಎನ್ನಲು ‘ಸರ್ಚಿಂಗ್ ಫಾರ್ ಎ ಹೌಸ್’ ಎನ್ನಬೇಕು. ಈ ‘ಫಾರ್’ ಬೇಕೆಂಬುದನ್ನು ಶಾಲೆಗಳಲ್ಲಿ ಉರುಹೊಡೆಸುತ್ತಾರೆಯೇ ಹೊರತು, ಅದು ಅಲ್ಲಿ ಏಕೆ ಬಂತೆಂದು ಹೇಳುವವರು ಕಡಿಮೆ. ಕಾರಣ ಪದದ ಹುಟ್ಟಿನಲ್ಲೇ ಇದೆ.

ಲ್ಯಾಟಿನ್ನಿನಲ್ಲಿ ‘ಸರ್ಕಸ್’ ಎಂದರೆ ವೃತ್ತ. ಅದರಿಂದ ‘ಸುತ್ತಾಡು’ ಎಂಬ ಅರ್ಥದ ಕ್ರಿಯಾಪದ ಹುಟ್ಟಿ, ಹಳೆಯ ಫ್ರೆಂಚಿಗೆ ಬಂದು, ಅಲ್ಲಿಂದ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಇಳಿಯಿತು. ಮೈಸೂರಿನವರು ದಿನವೂ ಹಾದುಹೋಗುವ ಕೆ.ಆರ್. ಸರ್ಕಲ್ಲಿನ ‘ಸರ್ಕಲ್’ ಕೂಡ ಇದೇ ಬಳಗದ್ದು. ಹೀಗಾಗಿ ‘ಸರ್ಚ್’ನ ಒಡಲಿನಲ್ಲಿರುವುದು ಕಳೆದ ವಸ್ತುವಲ್ಲ, ಸುತ್ತಿ ನೋಡಬೇಕಾದ ಜಾಗ. ಸುತ್ತಿದ್ದು ಯಾವುದನ್ನೋ ಅದು ನೇರವಾಗಿ ಕ್ರಿಯಾಪದದ ಕರ್ಮವಾಗುತ್ತದೆ. ಯಾವುದಕ್ಕಾಗಿ ಸುತ್ತಿದರೋ ಅದು ‘ಫಾರ್’ನ ಹಿಂದೆ ನಿಲ್ಲುತ್ತದೆ. ಇಂಗ್ಲಿಷಿನ ಸ್ವಂತ ಪದವಾದ ‘ಸೀಕ್’ ಹಾಗಲ್ಲ. ಬೇಕಾದ ವಸ್ತುವನ್ನೇ ಅದು ನೇರವಾಗಿ ಹಿಡಿಯುತ್ತದೆ, ನಮ್ಮ ‘ಅರಸು’ವಿನಂತೆ.

ಕನ್ನಡದ ‘ಹುಡುಕು’ ಎರಡು ಕೆಲಸವನ್ನೂ ಮಾಡುತ್ತದೆ. ‘ಮನೆ ಹುಡುಕಿದೆ’ ಎಂದರೆ ಮನೆ ಬೇಕಿತ್ತು, ‘ಮನೆಯೆಲ್ಲ ಹುಡುಕಿದೆ’ ಎಂದರೆ ಮನೆಯಲ್ಲಿ ಬೇರೇನೋ ಬೇಕಿತ್ತು. ಒಂದು ‘ಎಲ್ಲ’ದಿಂದ ಆಗುವ ಈ ವ್ಯತ್ಯಾಸ ನಮಗೆ ಎಷ್ಟು ಸಹಜವೆಂದರೆ, ಇಂಗ್ಲಿಷಿನಲ್ಲಿ ಅದನ್ನು ತೋರಿಸುವ ಹೊಣೆ ‘ಫಾರ್’ನದು ಎಂಬುದು ಹೊಳೆಯುವುದೇ ಇಲ್ಲ. ಜೇಬನ್ನು ತಡಕುತ್ತೇವೆ, ಊರನ್ನು ಜಾಲಾಡುತ್ತೇವೆ; ಈ ಎರಡು ಪದಗಳು ‘ಸರ್ಚ್’ಗೆ ‘ಹುಡುಕು’ವಿಗಿಂತ ಹತ್ತಿರವೆಂದು ನನ್ನ ಅನಿಸಿಕೆ.

ಜಾಗವೇ ಮುಖ್ಯ ಎಂಬುದು ಕಾನೂನಿನ ಬಳಕೆಯಲ್ಲಿ ಎದ್ದು ಕಾಣುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಶೋಧದ ನಿಯಮದಲ್ಲಿ, ಆ ಜಾಗದ ಆಸುಪಾಸಿನ ಕನಿಷ್ಠ ಇಬ್ಬರು ಗೌರವಸ್ಥರನ್ನು ಸಾಕ್ಷಿಗಳಾಗಿ ಕರೆಯಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ನಮ್ಮವರ ಬಾಯಲ್ಲಿ ಇವರು ಪಂಚರು, ಬರೆದಿಡುವ ಕಾಗದ ಮಹಜರು.

ತಡಕಿದ ಜಾಗಕ್ಕೂ ಬೇಕಾದ ವಸ್ತುವಿಗೂ ಇರುವ ಈ ಭೇದಕ್ಕೆ ಮೈಸೂರಿನಲ್ಲೇ ಒಂದು ಒಳ್ಳೆಯ ಉದಾಹರಣೆ ಸಿಗುತ್ತದೆ. 1891ರಲ್ಲಿ ಸ್ಥಾಪನೆಯಾದ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿ ಕಟ್ಟಿನಲ್ಲಿ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯಲ್ಲಿದ್ದ ಬರಹವನ್ನು ಪರಿಶೀಲಿಸಿದ ಅಲ್ಲಿನ ಗ್ರಂಥಪಾಲ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲಪಾಠವನ್ನು ಪ್ರಕಟಿಸಿದರು. ಓಲೆಗಳನ್ನು ಅವರು ‘ಸರ್ಚ್’ ಮಾಡಿದರು ಎನ್ನಬಹುದು, ಆದರೆ ಅರ್ಥಶಾಸ್ತ್ರಕ್ಕಾಗಿ ಹೊರಟು ಹುಡುಕಿದರು ಎನ್ನಲಾಗದು. ಆ ಸಂಸ್ಥೆಯ ಹೆಸರಿಗೆ ಆಮೇಲೆ ಸೇರಿದ ‘ರಿಸರ್ಚ್’ ಕೂಡ ಫ್ರೆಂಚಿನ ಮೂಲಕ ಬಂದ ಅದೇ ಪದ, ಮುಂದೆ ಒತ್ತು ಕೊಡುವ ‘ರಿ’. ನಾವದಕ್ಕೆ ಕೊಟ್ಟ ‘ಸಂಶೋಧನೆ’ಯ ಮೂಲವಾದರೋ ಶುದ್ಧಿ. ಕಷಾಯವನ್ನು ಬಟ್ಟೆಯಲ್ಲಿ ಹಾಯಿಸಿ ಚರಟ ತೆಗೆಯುವುದಕ್ಕೂ ‘ಶೋಧಿಸು’ ಎನ್ನುವುದುಂಟು.

ಈಚೆಗೆ ‘ಗೂಗಲ್’ ಎಂಬ ಕ್ರಿಯಾಪದ 2006ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿತು. ಅದಕ್ಕೆ ‘ಫಾರ್’ ಬೇಡ. ಬೇಕಾದದ್ದನ್ನು ನೇರವಾಗಿ ಹೇಳಿದರೆ ಸಾಕು, ಕನ್ನಡದ ‘ಹುಡುಕು’ವಿನಂತೆ. ನಮ್ಮಲ್ಲಿ ‘ಸರ್ಚ್ ಮಾಡು’ ಎಂಬುದು ಮೊಬೈಲಿಗೇ ಮೀಸಲಾಗುತ್ತಿದೆ. ಮೊಮ್ಮಗನಿಗೆ ಬಸ್ಸಿನ ವೇಳೆಯನ್ನು ‘ಸರ್ಚ್ ಮಾಡಪ್ಪ’ ಎನ್ನುವ ಅಜ್ಜಿ, ತನ್ನ ಕನ್ನಡಕ ಕಾಣದಿದ್ದರೆ ‘ಸ್ವಲ್ಪ ಹುಡುಕಿಕೊಡೋ’ ಎಂದೇ ಕರೆಯುತ್ತಾಳೆ.